ಘಟ್ಟ ಇಳಿವಾಗ ಬ್ರೇಕ್ ಕಲ್ಲಾಗ್ತದೆ

ಪ್ರಶ್ನೆ: ಅಪ್ಪ 1988ರಲ್ಲಿ ತಗೊಂಡ ಪೆಟ್ರೋಲ್ ಕಾರು ಸರ್, ಈಗ್ಲೂ ಚೆನ್ನಾಗಿ ಓಡ್ತದೆ. ಆದ್ರೆ ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿವಾಗ ಬ್ರೇಕ್ ಪೆಡಲ್ ಗಟ್ಟಿಯಾಗಿ, ಕಾಲೆಲ್ಲ ಊರಿ ಒತ್ತಬೇಕಾಗ್ತದೆ. ಪ್ಯಾಡ್ ಹೊಸದು. ಪೆಡಲ್ ಒತ್ತೋದು ಹಗುರ ಮಾಡೋ ಬೂಸ್ಟರ್ ಹೋಗಿದ್ಯಾ?

ಉತ್ತರ: ಮೊದ್ಲು ಮನೆ ಅಂಗಳದಲ್ಲೇ ನೋಡಿ ಮಾರಾಯ್ರೆ. ಇಂಜಿನ್ ಆಫ್ ಇಟ್ಟು ಪೆಡಲ್ ಐದಾರು ಸಲ ಒತ್ತಿ, ಆಮೇಲೆ ಒತ್ತಿ ಹಿಡ್ಕೊಂಡೇ ಸ್ಟಾರ್ಟ್ ಮಾಡಿ, ಪೆಡಲ್ ಕಾಲಡಿಗೆ ಸ್ವಲ್ಪ ಇಳಿದ್ರೆ ಬೂಸ್ಟರ್ ಕೆಲಸ ಮಾಡ್ತಾ ಇದೆ ಅಂತ. ಇಳೀದಿದ್ರೆ ಬೂಸ್ಟರನ್ನೇ ಬಿಚ್ಚೋಕೆ ಹೋಗ್ಬೇಡಿ, ಅದು ಕೆಲಸ ಮಾಡೋದೇ ಇಂಜಿನ್ ಗಾಳಿ ಎಳೆಯೋ ಬಲ, ಅಂದ್ರೆ ವ್ಯಾಕ್ಯೂಮಿಂದ, ಇಂಜಿನ್ನಿಗೆ ಗಾಳಿ ಹೋಗೋ ಮ್ಯಾನಿಫೋಲ್ಡಿಂದ ಬೂಸ್ಟರಿಗೆ ಬರೋ ವ್ಯಾಕ್ಯೂಮ್ ಪೈಪ್ ಬಗ್ಗಿಸಿ ನೋಡಿ, ಹಳೇ ರಬ್ಬರು ಕ್ಲಿಪ್ಪಿನ ಅಡಿಗೇ ಸೀಳಿರ್ತದೆ, ಮೇಲಿಂದ ಕಾಣೋದೇ ಇಲ್ಲ. ಆ ಪೈಪಲ್ಲಿರೋ, ಗಾಳಿಯನ್ನ ಒಂದೇ ಕಡೆಗೆ ಬಿಡೋ ನಾನ್-ರಿಟರ್ನ್ ವಾಲ್ವ್ ಬಿಚ್ಚಿ ಊದಿದ್ರೆ ಗಾಳಿ ಇಂಜಿನ್ ಕಡೆಗೆ ಮಾತ್ರ ಹೋಗ್ಬೇಕು. ಇವೆರಡೂ ಸರಿ ಇದ್ದು, ಪೆಡಲ್ ಒತ್ತಿ ಹಿಡಿದಾಗ ಒಳಗಿಂದ ಬುಸ್ಸ್ ಅಂತ ನಿಲ್ಲದೇ ಕೇಳ್ತಾ ಐಡಲಿಂಗ್ ಏರುಪೇರಾದ್ರೆ ಬೂಸ್ಟರ್ ಒಳಗಿನ ರಬ್ಬರ್ ಪೊರೆ, ಡಯಾಫ್ರಮ್, ಹರಿದಿದೆ. ಬ್ರೇಕ್ ಆಯಿಲ್ ಹೊರಗೆಲ್ಲೂ ಸೋರದೇ ಕಮ್ಮಿ ಆಗ್ತಿದ್ರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಸೀಲ್ ಕೂಡ ಬದಲಿಸಿ, ಬೂಸ್ಟರ್ ಒಳಗೆ ಸೋರೋ ಆ ಆಯಿಲ್ಲೇ ಡಯಾಫ್ರಮ್ ತಿಂದು ಹಾಕ್ತದೆ.

ಸರಿ ಆಗೋವರೆಗೆ ಘಟ್ಟಕ್ಕೆ ದಯವಿಟ್ಟು ಇಳಿಸ್ಬೇಡಿ. ಇನ್ನೊಂದು, ಪೆಟ್ರೋಲ್ ಉಳಿಸೋಕೆ ಇಳಿಜಾರಲ್ಲಿ ಇಂಜಿನ್ ಆಫ್ ಮಾಡೋ ಅಭ್ಯಾಸ ನಮ್ಮ ಕಡೆ ಇದೆ, ಒಳ್ಳೇ ಬೂಸ್ಟರ್ ಇದ್ರೂ ಎರಡ್ಮೂರು ಸಲ ಒತ್ತೋದ್ರಲ್ಲಿ ವ್ಯಾಕ್ಯೂಮ್ ಖಾಲಿ, ಮುಂದಿನ ತಿರುವಲ್ಲಿ ಪೆಡಲ್ ಕಲ್ಲು.