ಎಂಬಿಎ ಸೀಟು: ಚಾಯ್ಸ್ 1 ಒತ್ತಲೇ, 2 ಒತ್ತಲೇ?

ಪ್ರಶ್ನೆ: ಪಿಜಿಸಿಇಟಿ (ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆ) ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ನನ್ನ ಆದ್ಯತಾ ಪಟ್ಟಿಯ ಐದನೇ ಆಪ್ಷನ್‌ನ ಕಾಲೇಜು ಸಿಕ್ಕಿದೆ. ಇದನ್ನೇ ಇಟ್ಟುಕೊಳ್ಳಲೇ, ಮುಂದಿನ ಸುತ್ತಿಗೆ ಕಾಯಲೇ?
– ಬಿ.ಕಾಂ. ಪದವೀಧರೆ, ಹಾವೇರಿ

ಉತ್ತರ: ಸೀಟು ಸಿಕ್ಕ ಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು. ಚಾಯ್ಸ್ 1 ಎಂದರೆ ಈ ಸೀಟು ಸಾಕು, ಶುಲ್ಕ ಕಟ್ಟಿ ಸೇರುತ್ತೇನೆ ಎಂದು. 2 ಎಂದರೆ ಇದು ಕೈಯಲ್ಲಿರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಕೊಡಿ. 3 ಒತ್ತಿದರೆ ಈ ಸೀಟು ಹೋಯಿತು, ಮುಂದಿನ ಸುತ್ತಿನ ಭರವಸೆ ಮಾತ್ರ. 4 ಪೂರ್ತಿ ಹೊರನಡೆಯುವವರಿಗೆ.

ನಿಮಗೆ 2 ಸರಿ ಎನಿಸುತ್ತದೆ. ಆದರೆ ಇಲ್ಲೊಂದು ಅಪಾಯವಿದೆ: ಮೇಲಿನ ಆಪ್ಷನ್ ಸಿಕ್ಕ ಕೂಡಲೇ ಈಗಿನ ಸೀಟು ತಾನಾಗಿಯೇ ರದ್ದಾಗುತ್ತದೆ, 'ಹಳೆಯದೇ ಕೊಡಿ' ಎಂದರೆ ನಡೆಯದು. ಹಾಗಾಗಿ ಪಟ್ಟಿಯಲ್ಲಿ ಮೇಲಿರುವ ನಾಲ್ಕೂ ಕಾಲೇಜುಗಳನ್ನು ಈಗಲೇ ಜಾಲಾಡಿ: ವಾರ್ಷಿಕ ಶುಲ್ಕ, ಹಾಸ್ಟೆಲ್, ನಿಮಗೆ ಬೇಕಾದ ಫೈನಾನ್ಸ್ ವಿಷಯಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ ಎಂಬುದು. ಹೆಸರು ಕೇಳಿ ತುಂಬಿದ್ದ ಕಾಲೇಜನ್ನು, ಅವಕಾಶ ಕೊಟ್ಟಾಗ, ಪಟ್ಟಿಯಿಂದ ಅಳಿಸಿ. ಪ್ಲೇಸ್‌ಮೆಂಟ್ ಕೇಳುವಾಗ 'ಅತಿ ಹೆಚ್ಚು ಸಂಬಳ' ಬಿಡಿ. ಮಧ್ಯದ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು ಎಂದು ಕೇಳಿ. ಉತ್ತರ ತಡವರಿಸಿದರೆ ಅದೂ ಒಂದು ಉತ್ತರವೇ.

ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ (ಅವುಗಳ ಮೇಲೆ ಅಚ್ಚಾಗಿರುವ ಸಂಖ್ಯೆ) ಅರ್ಜಿಯಲ್ಲಿ ಸರಿಯಿದೆಯೇ, ಅವುಗಳಲ್ಲಿನ ಹೆಸರು ಅಂಕಪಟ್ಟಿಯ ಹೆಸರಿಗೆ ತಾಳೆಯಾಗುತ್ತದೆಯೇ ನೋಡಿ. ಇನಿಷಿಯಲ್ ಹಿಂದುಮುಂದಾದರೂ ಪರಿಶೀಲನೆಯಲ್ಲಿ ಅಲೆದಾಟ ತಪ್ಪದು.

ತರಗತಿ ಶುರುವಾಗುವ ಮೊದಲು ಎಕ್ಸೆಲ್ ಮತ್ತು ಸಂಖ್ಯಾಶಾಸ್ತ್ರ ಕಲಿತುಕೊಳ್ಳಿ. ಬಿ.ಕಾಂ. ಓದಿದವರಿಗೆ ಲೆಕ್ಕಶಾಸ್ತ್ರ ಸಲೀಸು. ಮೊದಲ ಸೆಮಿಸ್ಟರ್‌ನಲ್ಲಿ ಎಡವುವುದು ಸಾಮಾನ್ಯವಾಗಿ ಸಂಖ್ಯಾಶಾಸ್ತ್ರದಲ್ಲೇ.