ಇತಿಹಾಸ ಕೇಳಿದ್ದೆ, ಸಮಾಜಶಾಸ್ತ್ರ ಬಂದಿದೆ

ಪ್ರಶ್ನೆ: ನಮ್ಮದು ರೋಣ ಕಡೆಯ ಹಳ್ಳಿ. ಗದಗಿನಲ್ಲಿ ಬಿ.ಎ. ಮೊದಲ ಸೆಮಿಸ್ಟರ್. ಯುಯುಸಿಎಂಎಸ್ (ರಾಜ್ಯದ ವಿಶ್ವವಿದ್ಯಾಲಯಗಳ ಆನ್ಲೈನ್ ಪ್ರವೇಶ-ಪರೀಕ್ಷಾ ಪೋರ್ಟಲ್) ಅರ್ಜಿಯನ್ನು ಇಂಟರ್‌ನೆಟ್ ಸೆಂಟರಿನವರೇ ತುಂಬಿದರು. ಐಚ್ಛಿಕ ಕನ್ನಡದ ಜೊತೆ ಇತಿಹಾಸ ಹೇಳಿದ್ದೆ, ಈಗ ನೋಡಿದರೆ ಸಮಾಜಶಾಸ್ತ್ರ ಇದೆ. ಬಿ.ಎಡ್. ಮಾಡಿ ಹೈಸ್ಕೂಲ್ ಟೀಚರ್ ಆಗುವ ಆಸೆ. ಮೂರನೇ ವರ್ಷದ ಅಕ್ಕ ಒಬ್ಬರು ‘ಓಪನ್ ಎಲೆಕ್ಟಿವ್‌ನಲ್ಲಿ (ಮುಖ್ಯ ವಿಷಯಗಳ ಹೊರಗೆ ಆರಿಸಿಕೊಳ್ಳುವ ಪತ್ರಿಕೆಯಲ್ಲಿ) ಇತಿಹಾಸ ತಗೋ, ನಡೀತದ’ ಅನ್ನುತ್ತಾರೆ. ಸರ್ ಹತ್ತಿರ ಕೇಳಲು ಅಂಜಿಕೆ.

ಉತ್ತರ: ನಡೆಯೋದಿಲ್ಲ ತಂಗಿ. ಆ ಅಕ್ಕನ ಮೇಲೆ ತಪ್ಪು ಹೊರಿಸಬೇಡ, ಆಕೆ 2024-25ಕ್ಕಿಂತ ಮೊದಲು ಸೇರಿದ್ದರೆ ಓದುತ್ತಿರುವುದು 2021-22ರಲ್ಲಿ ಬಂದ ಹೊಸ ಶಿಕ್ಷಣ ನೀತಿಯ ಸ್ಕೀಮಿನಲ್ಲಿ. 2024-25ರಿಂದ ಸೇರಿದವರಿಗೆ ರಾಜ್ಯದಲ್ಲಿ ಪಠ್ಯಕ್ರಮದ ಚೌಕಟ್ಟೇ ಬದಲಾಗಿದೆ. ಆಕೆಗೆ ಹೊಂದಿದ್ದು ನಿನಗೂ ಹೊಂದುತ್ತದೆ ಅಂತೇನಿಲ್ಲ. ಅದಕ್ಕಿಂತ ದೊಡ್ಡ ಮಾತು: ಬಿ.ಎಡ್.ನಲ್ಲಿ ಯಾವ ಬೋಧನಾ ವಿಷಯ ಸಿಗುತ್ತದೆ ಎನ್ನುವುದು ಪದವಿಯಲ್ಲಿ ಮುಖ್ಯವಾಗಿ ಓದಿದ ವಿಷಯಗಳ ಮೇಲೆ ನಿಂತಿದೆ. ಶಿಕ್ಷಕರ ನೇಮಕಾತಿಯಲ್ಲೂ ಅದನ್ನೇ ನೋಡುತ್ತಾರೆ. ಒಂದು ಸೆಮಿಸ್ಟರ್ ಓಪನ್ ಎಲೆಕ್ಟಿವ್ ಓದಿದರೆ ಅದು ಐಚ್ಛಿಕ ವಿಷಯದ ಲೆಕ್ಕಕ್ಕೆ ಬರುವುದಿಲ್ಲ.

ಪ್ರವೇಶ ಸಮಿತಿಯಲ್ಲಿ ಕೂತವಳು ನಾನು, ನಿನ್ನಂಥವರನ್ನು ಬಹಳ ನೋಡಿದ್ದೇನೆ. ಬಾಗಿಲ ಚೌಕಟ್ಟು ಹಿಡಿದು ನಿಂತಿರುತ್ತಾರೆ, ‘ಏನವ್ವಾ’ ಅಂದರೆ ‘ಏನಿಲ್ರೀ ಮೇಡಂ’ ಅಂದು ಹೊರಟುಬಿಡುತ್ತಾರೆ. ಅವರು ಹೋದ ಮೇಲೆ ನನಗೆ ಸಂಕಟವಾಗುತ್ತಿತ್ತು. ಕೇಳಿಸಿಕೊಳ್ಳುವುದು ನಮ್ಮ ಕೆಲಸ, ನೀನು ಬೇಡುತ್ತಿರುವ ಉಪಕಾರ ಅಲ್ಲ.

ನಾಳೆಯೇ ಹೋಗು. ಬಾಯಲ್ಲಿ ಹೇಳಲು ಅಂಜಿಕೆಯಾದರೆ ಪ್ರಾಚಾರ್ಯರಿಗೆ ಒಂದು ಅರ್ಜಿ ಬರೆ: ನಿನ್ನ ಹೆಸರು, ಅರ್ಜಿ ಸಂಖ್ಯೆ, ಈಗ ಯಾವ ವಿಷಯ ಬಂದಿದೆ, ಯಾವುದು ಬೇಕು, ಯಾಕೆ ಬೇಕು. ‘ಯಾಕೆ’ ಅನ್ನುವಲ್ಲಿ ಬಿ.ಎಡ್. ಆಸೆಯನ್ನು ನೇರವಾಗಿ ಬರೆ. ಮೊದಲು ಇತಿಹಾಸ ವಿಭಾಗದ ಮುಖ್ಯಸ್ಥರಿಗೆ ತೋರಿಸು, ಅವರ ಸಹಿ ಬಿದ್ದರೆ ಅರ್ಧ ಕೆಲಸ ಆದ ಹಾಗೆ. ಆಫೀಸಿನಲ್ಲಿ ಕೊಡುವಾಗ ನಿನ್ನ ಪ್ರತಿಯ ಮೇಲೆ ಇನ್‌ವರ್ಡ್ ಸಿಕ್ಕಾ (ಅರ್ಜಿ ತಲುಪಿದೆ ಎಂಬ ಮುದ್ರೆ) ಹಾಕಿಸಿಕೊ. ಪ್ರವೇಶ ಒಪ್ಪಿದ ಮೇಲೆ ತಿದ್ದುವುದು ಕಾಲೇಜಿನ ಕಡೆಯಿಂದಲೇ ಆಗಬೇಕು, ಅದೂ ವಿಶ್ವವಿದ್ಯಾಲಯ ಕೊಟ್ಟ ಅವಧಿಯೊಳಗೆ. ತಡಮಾಡಿದರೆ ಪರೀಕ್ಷಾ ಅರ್ಜಿಯಲ್ಲೂ ಹಾಲ್ ಟಿಕೆಟ್‌ನಲ್ಲೂ ಸಮಾಜಶಾಸ್ತ್ರವೇ ಬಂದು ಕೂರುತ್ತದೆ.

ಇನ್ನೊಂದು. ಯುಯುಸಿಎಂಎಸ್ ಲಾಗಿನ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ ನೋಡು. ಎಷ್ಟೋ ಮಕ್ಕಳ ಖಾತೆಯಲ್ಲಿ ಸೆಂಟರಿನವರ ನಂಬರೇ ಇರುತ್ತದೆ. ಓಟಿಪಿ ಅವರಿಗೆ ಹೋಗುತ್ತದೆ, ಅಂಗಡಿ ಮುಚ್ಚಿದ ದಿನ ಫೀ ಕಟ್ಟಲೂ ಆಗುವುದಿಲ್ಲ. ಅದನ್ನೂ ಇದೇ ಸಲ ಬದಲಿಸಿಕೊ.

ಒಂದು ವೇಳೆ ಸೀಟು ತುಂಬಿದೆ ಅಂದರೂ ಐಚ್ಛಿಕ ಕನ್ನಡವನ್ನು ಮಾತ್ರ ಬಿಡಬೇಡ. ಕನ್ನಡ ಶಿಕ್ಷಕಿಯಾಗುವ ದಾರಿ ಅದರಿಂದ ತೆರೆದೇ ಇರುತ್ತದೆ. ಆದರೆ ಭಾಷಾ ಪತ್ರಿಕೆಯ ಕನ್ನಡ ಬೇರೆ, ಐಚ್ಛಿಕ ಕನ್ನಡ ಬೇರೆ. ನಿನ್ನ ಅರ್ಜಿಯಲ್ಲಿ ಎರಡನೆಯದು ಇದೆಯೇ ಎಂದು ಕಣ್ಣಾರೆ ನೋಡಿಕೊ.

ಪ್ರಶ್ನೆ: ಕಾಲೇಜಿನಲ್ಲಿ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿ ಕೇಳುತ್ತಾರೆ. ‘ಬ್ಯಾಂಕ್’ ಅಂದ ಕೂಡಲೇ ಅಪ್ಪ ಆಧಾರ್ ಕೊಡಲು ಒಪ್ಪುತ್ತಿಲ್ಲ. (ಹಾವೇರಿ)

ಉತ್ತರ: ಅಪ್ಪ ಎಚ್ಚರದಿಂದಿರುವುದು ಒಳ್ಳೆಯದೇ. ಇಲ್ಲಿ ಜಮೆಯಾಗುವುದು ದುಡ್ಡಲ್ಲ, ನೀನು ಪಾಸು ಮಾಡಿದ ಪತ್ರಿಕೆಗಳ ಕ್ರೆಡಿಟ್. 2021ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ವ್ಯವಸ್ಥೆ ಇದು. ಐಡಿ 12 ಅಂಕಿಯದು, ಡಿಜಿಲಾಕರ್‌ನಲ್ಲಿ ನೀನೇ ಮಾಡಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ, ಬ್ಯಾಂಕ್ ಖಾತೆಯ ನಂಬರನ್ನೂ ಕೇಳುವುದಿಲ್ಲ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡು. ಆಧಾರ್‌ನಲ್ಲಿರುವ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು, ಕಾಲೇಜಿನ ದಾಖಲೆಯ ಹೆಸರು ಒಂದೇ ಥರ ಇವೆಯೇ ಎಂದು ಮೊದಲು ನೋಡಿಕೊ. ಇನಿಶಿಯಲ್ ಹಿಂದೆಮುಂದೆ ಆದರೂ ಆಮೇಲೆ ತೊಡಕಾಗುತ್ತದೆ.