ಹುರುಪು ಆರಿಹೋಗುತ್ತದೆ ಎಂಬ ಹೆದರಿಕೆಯಿಂದ ಮಾತ್ರ ಹೊರಡಬೇಡಿ

ಸಂತ ಜೋಸೆಫ್ ವಾಜ್ ಅವರ ಜೀವನ ಓದಿ ಕೆಲಸ ಬಿಟ್ಟು ದೂರದ ಊರಿಗೆ ಸೇವೆಗೆ ಹೋಗುವ ಮನಸ್ಸಾಗಿದೆ, ಈ ಹುರುಪು ಆರುವ ಮೊದಲೇ ಹೊರಡಲೇ ಎಂದು ಕೇಳಿದ್ದೀರಿ. ನಾನು ಹಾಗೆಯೇ ಹೊರಟಿದ್ದೆ. ಅದೂ ಇದೇ ಸಂತರ ಕಥೆಯಿಂದ.

ಮಂಗಳೂರಿನ ಹತ್ತಿರದ ಮುಡಿಪುವಿನಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ಚಿಕ್ಕಂದಿನಿಂದ ಹೋಗುತ್ತಿದ್ದೆವು. ಆದರೆ ಅವರು ನನ್ನ ತಲೆಗೆ ಹತ್ತಿದ್ದು 2015ರ ಜನವರಿ 14ರಂದು, ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ. ಹದಿನೇಳನೇ ಶತಮಾನದಲ್ಲಿ ಗೋವಾದಲ್ಲಿ ಹುಟ್ಟಿದ, ನಮ್ಮ ಹಾಗೆ ಕೊಂಕಣಿ ಮಾತಾಡುತ್ತಿದ್ದ, ನಮ್ಮ ಕುಂದಾಪುರ, ಗಂಗೊಳ್ಳಿ ಕಡೆಯೆಲ್ಲ ದುಡಿದಿದ್ದ ಪಾದ್ರಿ. ಡಚ್ಚರು ಕಥೋಲಿಕ ಗುರುಗಳನ್ನೆಲ್ಲ ಹೊರಗಟ್ಟಿದ್ದ ಸಿಲೋನಿಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ, ಕೂಲಿಯವನ ವೇಷದಲ್ಲಿ ಹೋದರು. ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋಗುತ್ತಿದ್ದರು. ಆ ಜಪಮಾಲೆಯನ್ನು ಗುರುತಿಸುವವರು ಯಾರಿದ್ದಾರೆ ಎಂದು ನೋಡಿ, ಅಡಗಿದ್ದ ಕಥೋಲಿಕರನ್ನು ಹಾಗೆ ಹುಡುಕಿದರು. ಇದನ್ನು ಕೇಳಿದ ಮೇಲೆ ಆಫೀಸಿನಲ್ಲಿ ಕೂರಲು ನನಗೆ ಆಗಲಿಲ್ಲ. ರಾಜೀನಾಮೆ ಕೊಟ್ಟು ಒಡಿಶಾದ ಒಂದು ಅನಾಥ ವೃದ್ಧರ ಮನೆಗೆ ಹೋದೆ.

ಅಲ್ಲಿ ಒಬ್ಬರು ಅಜ್ಜ ಇದ್ದರು. ಸಂಜೆಯಾದರೆ ನನ್ನ ಕೈ ಹಿಡಿದು ಅದೇ ನಾಲ್ಕು ಮಾತು ಹೇಳುತ್ತಿದ್ದರು. ನನಗೆ ಒಡಿಯಾ ಬರುತ್ತಿರಲಿಲ್ಲ. ನೀರು ಕೊಡುತ್ತಿದ್ದೆ, ಹೊದಿಕೆ ಸರಿಮಾಡುತ್ತಿದ್ದೆ, ಪಕ್ಕದಲ್ಲಿ ಕೂತು ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುತ್ತಿದ್ದೆ. ಅವರು ತಲೆ ಅಲ್ಲಾಡಿಸಿ ಮತ್ತೆ ಅದನ್ನೇ ಹೇಳುತ್ತಿದ್ದರು. ಒಂದು ದಿನ ಅವರ ಮಾತು ನಿಂತೇಹೋಯಿತು. ಪಾರ್ಶ್ವವಾಯು. ಅವರ ಮಾತನ್ನು ನಾನು ಕೇಳಿದಷ್ಟು ನೆನಪಿಟ್ಟುಕೊಂಡು ಅಡುಗೆಯ ಅಕ್ಕನಿಗೆ ಹೇಳಿದೆ. ಅವರು ಗಾಬರಿಯಾದರು. ಅಜ್ಜ ಹೇಳುತ್ತಿದ್ದದ್ದು ಮಗಳು ಇರುವ ಊರಿನ ಹೆಸರು. ಅವಳಿಗೆ ಸುದ್ದಿ ಮುಟ್ಟಿಸು ಎಂದು ಬೇಡುತ್ತಿದ್ದರು. ಆಮೇಲೆ ಹುಡುಕಿಸಿದೆವು. ಮಗಳು ಬಂದಳು. ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ನನಗೆ ಭಾಷೆ ಕಲಿಯಲು ಸಮಯ ಇರಲಿಲ್ಲವೇ? ಬೇಕಾದಷ್ಟಿತ್ತು. ಹಿಂದಿ ಬಲ್ಲವರು ಇಬ್ಬರು ಮೂವರು ಇದ್ದರು, ಅವರ ಜೊತೆಗೇ ಮಾತಾಡಿಕೊಂಡಿದ್ದೆ. ಪ್ರೀತಿಯಿದ್ದರೆ ಸಾಕು, ಭಾಷೆ ಬೇಡ ಎಂದು ನಂಬಿದ್ದೆ. ಕಲಿಯುತ್ತಾ ಕೂರುವುದು ಸೇವೆಗೆ ಅಡ್ಡಿ, ಕೈಗೆ ಸಿಕ್ಕ ಕೆಲಸ ಮಾಡುವುದೇ ಸೇವೆ ಎಂದುಕೊಂಡಿದ್ದೆ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರೂ ಸಾಕಿತ್ತು, ಊರು, ಮಗಳು, ಕರೆಸು ಅನ್ನುವಷ್ಟು ಮಾತು ಬಂದಿರುತ್ತಿತ್ತು. ಅವರ ಪಕ್ಕದಲ್ಲಿ ನಾನು ಅಷ್ಟು ಹೊತ್ತು ಕೂತಿದ್ದೆ. ಆದರೆ ನನ್ನ ಪ್ರಾರ್ಥನೆ ನಾನು ಹೇಳಿಕೊಂಡೆ, ಅವರ ಬೇಡಿಕೆ ಕೇಳಲಿಲ್ಲ. ಇದು ಇವತ್ತಿಗೂ ನೋಯುತ್ತದೆ.

ವಾಪಸ್ ಬಂದ ಮೇಲೆ ವಾಜ್ ಅವರ ಜೀವನವನ್ನು ಮತ್ತೆ ಓದಿದೆ. ನಾನು ಹಾರಿಸಿಬಿಟ್ಟಿದ್ದ ಪುಟಗಳನ್ನು. ಸಿಲೋನಿಗೆ ಕಳಿಸಿ ಎಂದು ಕೇಳಿದಾಗ ಅವರನ್ನು ಅಲ್ಲಿಗೆ ಕಳಿಸಲಿಲ್ಲ. 1681ರಲ್ಲಿ ನಮ್ಮ ಕನರಾಕ್ಕೆ, ಅಂದರೆ ಈ ಕರಾವಳಿಗೆ, ಕಳಿಸಿದರು. ಇಲ್ಲಿ ಗೋವಾದ ಪೋರ್ಚುಗೀಸ್ ಚರ್ಚ್ ಅಧಿಕಾರಕ್ಕೂ ರೋಮ್ ನೇಮಿಸಿದ್ದ ಬಿಷಪರಿಗೂ ಜಗಳ. ಅದರ ನಡುವೆ ಮೂರು ವರ್ಷ ದುಡಿದರು. ಗೋವಾಕ್ಕೆ ಮರಳಿದ ಮೇಲೂ ಸುಮ್ನೆ ಕೂರಲಿಲ್ಲ, 1685ರಲ್ಲಿ ಗುರುಗಳ ಒಂದು ಸಂಘ ಕಟ್ಟಲು ನಿಂತರು. ಸಿಲೋನ್ ತಲುಪಿದ್ದು 1687ರಲ್ಲಿ. ಅಷ್ಟು ವರ್ಷ ಆ ಆಸೆ ಆರಲಿಲ್ಲ ನೋಡಿ!

ಅವರು ತಮಿಳು ಕಲಿತರು. ಸಿಲೋನಿನ ಒಳನಾಡಿನ ಕ್ಯಾಂಡಿ ರಾಜ್ಯದಲ್ಲಿ ಬೇಹುಗಾರ ಎಂದು ಸೆರೆಗೆ ಹಾಕಿದಾಗ ಆ ಸೆರೆಯಲ್ಲೇ ಸಿಂಹಳ ಕಲಿತರು. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಜನ ರೋಗಿಗಳನ್ನು ಬಿಟ್ಟು ಓಡಿದರು. ವಾಜ್ ಉಳಿದು, ಮತ ಕೇಳದೆ ಎಲ್ಲರ ಆರೈಕೆ ಮಾಡಿದರು. ಆ ಹೊತ್ತಿಗೆ ರೋಗಿ ನರಳುತ್ತಾ ಏನು ಬೇಡಿದರೂ ಅವರಿಗೆ ಅರ್ಥವಾಗುತ್ತಿತ್ತು, ಅಲ್ವಾ? ಪವಾಡಗಳಿಗಿಂತ ನನಗೆ ಇದೇ ದೊಡ್ಡದು. 1711ರಲ್ಲಿ ಅಲ್ಲೇ ತೀರಿಕೊಂಡರು. ಗೋವಾಕ್ಕೆ ಮರಳಲೇ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹುರುಪು ಆರಿದರೆ ಆರಲಿ ಬಿಡಿ. ಒಂದು ವರ್ಷ ಕಾಯಲಾರದ ಹುರುಪು ಸಿಡುಬಿನ ಮನೆಯಲ್ಲಿ ನಿಲ್ಲುವುದಿಲ್ಲ. ಕೆಲಸ ಈಗಲೇ ಬಿಡಬೇಡಿ. ಹೋಗಬೇಕೆಂದಿರುವ ಊರಿನ ಭಾಷೆ ಮಾತಾಡುವವರು ನಿಮ್ಮ ಊರಿನ ಕಟ್ಟಡದ ಕೆಲಸದಲ್ಲಿ, ಹೋಟೆಲಿನಲ್ಲಿ ಇದ್ದೇ ಇರುತ್ತಾರೆ. ಭಾನುವಾರ ಪೂಜೆ ಮುಗಿಸಿ ಅವರ ಹತ್ತಿರ ಹೋಗಿ ಕೂರಿ. ಅವರ ಮನೆಯವರ ಸುದ್ದಿಯನ್ನು ಅವರ ಭಾಷೆಯಲ್ಲೇ ವಿಚಾರಿಸುವಷ್ಟು ಕಲಿಯಿರಿ. ಅದಾದ ಮೇಲೂ ಹೋಗಬೇಕು ಅನ್ನಿಸಿದರೆ ಇಲ್ಲೇ ಬರೆಯಿರಿ. ಒಡಿಶಾ ಆದರೆ ಆ ಮನೆಯವರ ಜೊತೆ ನಾನೇ ಮಾತಾಡಿಸುತ್ತೇನೆ.